ನಿಂಗವ್ವ ಉಡಿ ಒಲ್ಲೆ ಅಂದದ್ದು

ಖಾನಾಪುರದಿಂದ ಬೆಳಗಾವಿಗೆ ಬರುವ ರೈಲಿನಲ್ಲಿ ಆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದೆ. ಉಡಿಯ ಸಾಮಾನನ್ನು ಕಾಲ ಬಳಿ ಇಡುವ ರೂಢಿ ನಮ್ಮಲ್ಲಿಲ್ಲ. ಪಕ್ಕದಲ್ಲಿದ್ದ ಹೆಣ್ಣುಮಗಳು ಚೀಲದ ಬಾಯಿಂದ ಇಣುಕುತ್ತಿದ್ದ ಹಸಿರು ಸೀರೆಯ ಅಂಚು ನೋಡಿ, ನಾನು ಕೇಳದೆಯೇ ಎದ್ದು ಕಿಟಕಿಯ ಜಾಗ ಬಿಟ್ಟುಕೊಟ್ಟಳು. "ಯಾರಿಗ್ರಿ ಉಡಿ? ಮಗಳಿಗೇನು?" ಎಂದಳು. "ಇಲ್ಲವ್ವಾ, ಮನಿ ಬಿಟ್ಟ ಹೋಗೋ ಬಾಡಿಗಿಯಾಕಿಗೆ" ಎಂದೆ. "ಭಾಳ ಛಲೋ ಮಾಲಕರು ಬಿಡ್ರಿ" ಎಂದು ಆಕೆ ಮೆಚ್ಚಿ ತಲೆಯಾಡಿಸಿದಳು. ನನಗೂ ಹಾಗೆಯೇ ಅನ್ನಿಸಿತ್ತು.

ಚೀಲವನ್ನು ಕೊಟ್ಟವಳು ಕುಮುದಿನಿ, ನನ್ನ ಕಾಲೇಜಿನ ಗೆಳತಿ. ಖಾನಾಪುರದಲ್ಲಿ ಮಗನ ಜೊತೆ ಇರುತ್ತಾಳೆ. ಬೆಳಗಾವಿಯ ಶಹಾಪುರದಲ್ಲಿ, ನಮ್ಮ ಓಣಿಯಲ್ಲೇ, ಅವಳ ತಂದೆ ಅವಳ ಹೆಸರಿಗೆ ಬರೆದಿಟ್ಟ ಹೆಂಚಿನ ಮನೆಯೊಂದಿದೆ. ಅದರ ದೇವರ ಖೋಲಿಯನ್ನು ತನಗೆಂದು ಬೀಗ ಹಾಕಿಟ್ಟುಕೊಂಡು, ಉಳಿದ ಮೂರು ಖೋಲಿ ಮತ್ತು ಹಿತ್ತಲನ್ನು ಹನ್ನೆರಡು ವರ್ಷಗಳ ಹಿಂದೆ ನಿಂಗವ್ವನಿಗೆ ಬಾಡಿಗೆಗೆ ಕೊಟ್ಟಿದ್ದಳು. ಕೊಡಿಸಿದವಳು ನಾನೇ. ಅಂದು ಕಾಗದ ಪತ್ರ ಏನೂ ಆಗಲಿಲ್ಲ. ನನ್ನ ಮಾತೇ ಕಾಗದವಾಗಿತ್ತು.

ಆ ದಿನ ಬೆಳಿಗ್ಗೆ ಕುಮುದಿನಿ ಹೇಳಿದ್ದು ಇಷ್ಟೇ: "ಅಗ, ನಿಂಗವ್ವ ಈ ತಿಂಗಳ ಆಖೇರಿಗೆ ಮನಿ ಬಿಡ್ಲಿಕ್ಕತ್ಯಾಳ. ಹನ್ನೆರಡು ವರ್ಷ ಇದ್ದಾಕಿ, ಬರಿಗೈಲೆ ಕಳಿಸಬಾರದು. ನನ್ನ ಮೊಣಕಾಲ ನೋಡ್ತೀಯಲ್ಲ, ಈ ಥಂಡ್ಯಾಗ ಮೆಟ್ಟಲಾ ಇಳೀಲಿಕ್ಕೂ ಆಗೂದಿಲ್ಲ. ನನ್ನ ಪರವಾಗಿ ನೀನ ಉಡಿ ತುಂಬಿ ಬಾ."

ಚೀಲದಲ್ಲಿ ಅಕ್ಕಿ, ಎರಡು ಬಟ್ಟಲು ಒಣಕೊಬ್ಬರಿ, ಐದು ಉತ್ತತ್ತಿ, ಐದು ಅರಿಷಿಣ ಕೊಂಬು, ಬೆಲ್ಲದ ಒಂದು ಹೆಂಟೆ, ಕುಪ್ಪಸದ ಖಣ ಇದ್ದವು. ಎಲ್ಲದರ ಮೇಲೆ ಹೊಸ ಇಳಕಲ್ ಸೀರೆ. ನಮ್ಮ ಕಡೆ ಮನೆಯಿಂದ ಹೊರಡುವ ಹೆಣ್ಣಿಗೆ, ಅವಳು ಮಗಳಾಗಲಿ ಬಾಡಿಗೆಯವಳಾಗಲಿ, ಮನೆಯ ಯಜಮಾನಿ ಸೆರಗಿನ ತುಂಬ ಇವನ್ನು ಹಾಕಿ ಕಳಿಸುತ್ತಾಳೆ. ಉಡಿ ತುಂಬಿಸಿಕೊಂಡ ಮೇಲೆ ಅವಳು ಮತ್ತೆ ಒಳಗೆ ಬಂದು ಕೂರುವುದಿಲ್ಲ. ಹೊಸ್ತಿಲು ದಾಟಿದಳೆಂದೇ ಲೆಕ್ಕ. ಹಾಗೆಯೇ, ಕೊಟ್ಟ ಉಡಿಯನ್ನು ಯಾವ ಹೆಣ್ಣೂ ಒಲ್ಲೆ ಅನ್ನುವುದಿಲ್ಲ. ನನ್ನ ಎಪ್ಪತ್ತೊಂದು ವರ್ಷಗಳಲ್ಲಿ ಅಂದವಳನ್ನು ನಾನು ಕಂಡಿರಲಿಲ್ಲ.

ನಾನು ಹೋದಾಗ ನಿಂಗವ್ವ ರೊಟ್ಟಿ ಬಡಿಯುತ್ತಿದ್ದಳು. ದಿನಕ್ಕೆ ಇನ್ನೂರೈವತ್ತು ಜೋಳದ ರೊಟ್ಟಿ. ಬಸ್ ನಿಲ್ದಾಣದ ಹತ್ತಿರದ ಎರಡು ಖಾನಾವಳಿಗಳಿಗೆ ಹೋಗುತ್ತವೆ. ಉಳಿದವನ್ನು ದವಾಖಾನೆಯಲ್ಲಿ ಮಲಗಿದವರ ಕಡೆಯವರು ಬಂದು ಒಯ್ಯುತ್ತಾರೆ. ಹತ್ತು ಕೇಳಿದವರ ಪೊಟ್ಟಣದಲ್ಲಿ ಹನ್ನೊಂದು ಇರುತ್ತವೆಂದು ನನಗೆ ಗೊತ್ತು. ಹಿತ್ತಲಿನ ಸೌದೆ ಒಲೆ, ಹೊಗೆ ಹೋಗಲು ತೆರೆದ ಜಾಗ, ನೆಲಮಟ್ಟದ ಮನೆ, ಇವು ಮೂರೂ ಸೇರಿ ಬೇರೆಡೆ ಸಿಗುವುದಿಲ್ಲ. ಅವು ಇಲ್ಲದಿದ್ದರೆ ರೊಟ್ಟಿಯಿಲ್ಲ. ರೊಟ್ಟಿ ಇಲ್ಲದಿದ್ದರೆ ಮಗಳು ಸಮೃದ್ಧಿಯ ಕಾಲೇಜಿಲ್ಲ. ಅವಳ ಪಿಯುಸಿ ಎರಡನೇ ವರ್ಷದ ಪರೀಕ್ಷೆಗೆ ಇನ್ನು ಮೂರು ತಿಂಗಳಿತ್ತು.

"ಬರ್ರಿ ಅಕ್ಕಾರ, ಕುಂದರ್ರಿ" ಎಂದಳು ನಿಂಗವ್ವ. ನಾನು ಸಾಲಿಯಲ್ಲಿ ಕಲಿಸಿದವಳು, ಅದಕ್ಕೇ ಓಣಿಗೆಲ್ಲ ಅಕ್ಕಾರು. "ಚೀಲಾ ಏನ ದೊಡ್ಡದ ತಂದೀರಿ?"

"ಕುಮುದಿನಿ ಕಳಿಸ್ಯಾಳ. ಎದ್ದು ಸೆರಗ ಒಡ್ಡು, ಉಡಿ ತುಂಬತೇನಿ."

ಬಡಿಯುವ ಸಪ್ಪಳ ನಿಂತಿತು. "ಯಾಕ್ರಿ?"

"ನೀ ಮನಿ ಬಿಡ್ಲಿಕ್ಕತ್ತೀಯಂತಲ್ಲ."

"ಯಾರ ಹೇಳಿದ್ರು?"

ಹೇಳಿದವಳು ಕುಮುದಿನಿ. ಕೇಳಿದವಳು ನಾನು. ಇಬ್ಬರ ನಡುವೆ ನಿಂಗವ್ವನನ್ನು ಯಾರೂ ಕೇಳಿರಲಿಲ್ಲ.

ಹೆಂಚಿನ ಮೇಲಿದ್ದ ರೊಟ್ಟಿ ಸುಡುವ ಮೊದಲು ಅವಳು ಅದನ್ನು ತಿರುವಿ ಹಾಕಿ, ಕೈ ತೊಳೆದುಕೊಂಡು ಬಂದು ನನ್ನೆದುರು ಕೂತಳು. ಕುಮುದಿನಿಯ ಮಗ ವಿನೀತ ಹದಿನೈದು ದಿನಗಳ ಹಿಂದೆ ಬಂದಿದ್ದನಂತೆ. ಆರು ಸಾವಿರದ ಬಾಡಿಗೆ ಮುಂದಿನ ತಿಂಗಳಿನಿಂದ ಹದಿಮೂರು ಸಾವಿರ, ಆಗದಿದ್ದರೆ ಖಾಲಿ ಮಾಡಿ ಎಂದನಂತೆ. ಖೋಲಿಗೆ ನಾಲ್ಕು ಮಂಚ ಹಾಕಿ ಕಾಲೇಜಿನ ಹುಡುಗರಿಗೆ ಪಿಜಿ ಮಾಡುವ ವಿಚಾರ.

"ಬರದು ಕೊಡ್ರಿ ಅಂದೆ. 'ನಮ್ಮ ನಿಮ್ಮೊಳಗ ಕಾಗದಾ ಪತ್ರಾ ಯಾಕ ನಿಂಗವ್ವಾ, ನಾವೆಲ್ಲ ಮನಿ ಮಂದಿ ಇದ್ದಂಗ' ಅಂದ್ರು. ಏರಸೂ ಮುಂದ ಹೊರಗಿನಾಕಿ, ಬರದು ಕೊಡೂ ಮುಂದ ಮನಿ ಮಂದಿ!"

"ನನಗ ಇದ್ಯಾವುದೂ ಗೊತ್ತಿರಲಿಲ್ಲ, ನಿಂಗವ್ವಾ."

"ಗೊತ್ತೈತ್ರಿ, ನೀವು ಅಂಥಾವ್ರಲ್ಲ. ಅದಕ್ಕ ನಿಮ್ಮ ಕೈಲೆ ಕಳಸ್ಯಾರ." ಅವಳು ಚೀಲವನ್ನು ಮುಟ್ಟಲಿಲ್ಲ. "ಒಂದು ಕೇಳತೇನಿ ಅಕ್ಕಾರ. ಸಿಟ್ಟ ಮಾಡ್ಕೋಬ್ಯಾಡ್ರಿ. ವರ್ಷಾ ಶ್ರಾವಣದಾಗ ಕುಮುದಿನಿ ಬಾಯಾರು ಬಂದು ದೇವರ ಖೋಲಿ ತಗದು, ಐದು ಮಂದಿ ಮುತ್ತೈದೇರಿಗೆ ಉಡಿ ತುಂಬತಾರು. ನಿಮಗೂ ತುಂಬತಾರು. ಅಂಗಳಾ ಸಾರಸಾಕಿ ಯಾರು?"

"ನೀನು."

"ಹೋಳಗಿ ಮಾಡಾಕಿ?"

"ನೀನು."

"ಉಡಿ ತುಂಬೂ ಮುಂದ ನಾ ಎಲ್ಲಿರತೇನಿ?"

ಅವಳು ಒಳಗಿನ ಬಾಗಿಲ ಹಿಂದೆ ನಿಂತಿರುತ್ತಿದ್ದಳು. ಗಂಡ ಗುರುಸಿದ್ದ ತೀರಿಕೊಂಡ ವರ್ಷವೇ ಈ ಮನೆಗೆ ಬಂದವಳು. ಗಂಡ ಇಲ್ಲದವಳಿಗೆ ಉಡಿ ಇಲ್ಲವೆಂದು ಕುಮುದಿನಿ ಬಾಯಿ ಬಿಟ್ಟು ಎಂದೂ ಹೇಳಿರಲಿಲ್ಲ, ಕರೆಯುತ್ತಿರಲಿಲ್ಲ ಅಷ್ಟೇ. ಹನ್ನೆರಡು ಶ್ರಾವಣ ನಾನು ಸೆರಗೊಡ್ಡಿ ಕೂತು ಅವಳ ಹೋಳಿಗೆಯನ್ನು ಹೊಗಳಿದ್ದೆ. ಬಾಗಿಲ ಕಡೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

"ನಮ್ಮವ್ವ ನನಗ ತುಂಬತಾಳ್ರಿ. ಆಕೀಗಿ ಮಗಳು ಮಗಳಽ. ಇವರಿಗೆ ಹನ್ನೆರಡು ವರ್ಷ ನೆನಪಾಗಲಿಲ್ಲ. ಈಗ ಹೊರಗ ಹಾಕೂ ಮುಂದ ನಾ ಮುತ್ತೈದಿ ಆದೆ?" ಅವಳ ದನಿ ಏರಲಿಲ್ಲ. "ಒಲ್ಲೆರಿ ಅಕ್ಕಾರ. ಈ ಉಡಿ ನಾ ಒಲ್ಲೆ."

ಒಳಗೆ ಓದುತ್ತಿದ್ದ ಸಮೃದ್ಧಿ ಹೊರಗೆ ಬಂದು ತಾಯಿಯ ಮುಖ ನೋಡಿದಳು. ಆಮೇಲೆ ನನಗೆ ಚಹಾ ಇಡಲು ಹೋದಳು. ನನಗೆ ಸಕ್ಕರೆ ಬೇಡವೆಂಬುದು ಆ ಹೊತ್ತಿನಲ್ಲೂ ಅವಳಿಗೆ ನೆನಪಿತ್ತು.

ಚಹಾ ಕೊಡುತ್ತಾ ಅವಳು ಒಂದು ನೋಟ್ ಪುಸ್ತಕ ತಂದು ತೋರಿಸಿದಳು. ಕೋರ್ಟಿನ ಆವರಣದಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆಂದು ಯಾರೋ ಹೇಳಿದ್ದಕ್ಕೆ, ಕಾಲೇಜು ತಪ್ಪಿಸಿ ಹೋಗಿ ಬಂದಿದ್ದಳು. "ಕಾಗದಾ ಇಲ್ಲದಿದ್ರೂ ಅವ್ವ ಬಾಡಿಗಿದಾರಳ ಅಂತ್ರಿ ಅಕ್ಕಾರ. ತಿಂಗಳಾ ಫೋನಿನಾಗ ಬಾಡಿಗಿ ಕಳಸೇವಲ್ಲ, ಅದ ಸಾಕ್ಷಿ. ಏರಸಬೇಕಂದ್ರ ಇಬ್ಬರೂ ಒಪ್ಪಬೇಕು. ಬಿಡಸಬೇಕಂದ್ರ ನೋಟೀಸು ಬರದು ಕೊಡಬೇಕು. ಅಷ್ಟಾದ ಮ್ಯಾಲೂ ಹೊರಗ ಹಾಕೂದು ಕೋರ್ಟಿನ ಕೆಲಸ, ಅವರದಲ್ಲ. ಬೀಗಾ ಹಾಕಾಂಗಿಲ್ಲ. ನೀರು, ಕರೆಂಟು ಕಡ್ಯಾಂಗಿಲ್ಲ."

"ಮಾಲಕರಿಗೆ ಹಕ್ಕಿಲ್ಲೇನು?" ಎಂದೆ, ಕುಮುದಿನಿಯ ನೆನಪಾಗಿ.

"ಅದನ್ನೂ ಬರಸ್ಯಾರ್ರಿ ವಕೀಲ ಮೇಡಂ." ಪುಟ ತಿರುವಿದಳು. "ಬಾಡಿಗಿ ಟೈಮಿಗೆ ಮುಟ್ಟಬೇಕು. ಮನಿ ಕೆಡಸಬಾರದು. ಅವರಿಗೆ ಖರೇನ ಮನಿ ಬೇಕಾತಂದ್ರ, ಕಾಯ್ದೇಲೆ ಕೇಳಿದ್ರ, ಬಿಡಬೇಕು."

"ಬಿಡತೇನಿ" ಎಂದಳು ನಿಂಗವ್ವ. "ಕಾಯ್ದೇಲೆ ಕೇಳ್ರಿ ಅಂತೇನಿ. ಖಣಾ ಕೊಬ್ಬರಿ ಕಳಿಸಿ ಬಿಡಸಬ್ಯಾಡ್ರಿ."

ಚೀಲವನ್ನು ನಮ್ಮ ಮನೆಗೆ ತಂದೆ. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ನಮ್ಮ ಮನೆಯವರು ಏನನ್ನೂ ಕೇಳದೆ ಪುಸ್ತಕದ ಕಪಾಟಿನ ಮೇಲೆ ಜಾಗ ಮಾಡಿಕೊಟ್ಟರು. ಕುಮುದಿನಿಗೆ ಫೋನ್ ಮಾಡಿದರೆ ವಿನೀತನೇ ಎತ್ತಿದ. "ಮುಟ್ಟಿತಲ್ಲ ಮಾವಶಿ? ಬಸ್, ಥ್ಯಾಂಕ್ಸ್" ಎಂದು, ನಾನು ಬಾಯಿ ತೆರೆಯುವ ಮೊದಲೇ ಇಟ್ಟುಬಿಟ್ಟ.

ಭಾನುವಾರ ಮುಂಜಾನೆ ಓಣಿಯಲ್ಲಿ ಟೆಂಪೊ ನಿಂತ ಸಪ್ಪಳವಾಯಿತು. ಸೀರೆ ಸರಿಮಾಡಿಕೊಂಡು ಹೋಗುವಷ್ಟರಲ್ಲಿ ವಿನೀತ ಅಂಗಳದಲ್ಲಿದ್ದ. ಜೊತೆಗೆ ಟೆಂಪೊದ ಸತ್ಯಪ್ಪ, ಐವತ್ತು ದಾಟಿದವನು, ಹೆಗಲ ಮೇಲೆ ಹಗ್ಗದ ಸುರುಳಿ ಹಾಕಿಕೊಂಡು ಒಲೆಯ ಕಡೆ ನೋಡುತ್ತಿದ್ದ.

"ನಿಂಗವ್ವಾ, ಗಾಡಿ ಬಾಡಿಗಿ ನಾನ ಕೊಡ್ತೇನಿ" ಎಂದ ವಿನೀತ. "ವಡಗಾವ್ಯಾಗ ಖೋಲಿ ಅದಾವಂತ. ಸತ್ಯಪ್ಪಾ, ಮೊದಲ ಹಿತ್ತಲದಾಗಿನ ಸಾಮಾನ ಎತ್ತು."

ನಿಂಗವ್ವ ಏಳಲಿಲ್ಲ. ಹಿಟ್ಟಿನ ಉಂಡೆ ಕೈಯಲ್ಲಿ ತಿರುಗುತ್ತಲೇ ಇತ್ತು. "ಎತ್ತಪಾ ಯಪ್ಪಾ. ಒಲಿ ಕಾದೈತಿ, ನೋಡ್ಕೊಂಡು ಎತ್ತು."

ಸತ್ಯಪ್ಪ ಹಿಂದೆ ಸರಿದ. "ಅಕ್ಕಾ, ಉಡಿ ತುಂಬೂದು ಆತೇನು?"

"ಇಲ್ಲಪಾ."

"ಆಗೇತಿ!" ಎಂದ ವಿನೀತ. "ಆಯಿ ಮೊನ್ನೇನ ಕಳಿಸ್ಯಾಳ. ಇಳಕಲ್ ಸೀರಿ ಸುದ್ದಾ."

ಎಲ್ಲರೂ ನನ್ನ ಕಡೆ ನೋಡಿದರು. ಮೂವತ್ತೊಂದು ವರ್ಷ ತರಗತಿಯಲ್ಲಿ ಮಾತಾಡಿದವಳು ನಾನು. ಅದೇ ದನಿಯಲ್ಲಿ, ಗೋಡೆಯಾಚೆಗೂ ಕೇಳುವಂತೆ ಹೇಳಿದೆ. "ಇಲ್ಲ, ವಿನೀತ. ಚೀಲ ನಮ್ಮ ಮನ್ಯಾಗ ಕಪಾಟಿನ ಮ್ಯಾಲ ಅದ. ಖಣದ ಮಡಿಕಿ ಸುದ್ದಾ ಬಿಚ್ಚಿಲ್ಲ. ಆಕಿ ಒಲ್ಲೆ ಅಂದಾಳ."

ಸತ್ಯಪ್ಪ ಹಗ್ಗವನ್ನು ಹೆಗಲಿಂದ ಇಳಿಸಿದ. "ಹಂಗಾದ್ರ ನಂದೇನ ಕೆಲಸಿಲ್ರಿ ಸಾಹೇಬ್ರ. ಇಪ್ಪತ್ತೆರಡು ವರ್ಷ ಆತು ಮಂದಿ ಸಾಮಾನು ಸಾಗಸಾಕ ಹತ್ತಿ. ಉಡಿ ತಗೊಳ್ಳದ ಹೆಣ್ಣಮಗಳ ಒಲಿ ನಾ ಎತ್ತಿಲ್ಲ."

"ಅರೇ, ಕಳಿಸೇವಲ್ಲೋ!"

"ಕಳಸೂದು ನಿಮ್ಮ ಕೈಯಾಗ. ತಗೊಳ್ಳೂದು ಅವರ ಕೈಯಾಗ ಅಲ್ಲೇನ್ರಿ?"

"ನಾ ರೊಕ್ಕಾ ಕೊಟ್ಟ ಕರಕೊಂಡ ಬಂದೇನಿ, ನೀ ನನಗ ಶಾಸ್ತ್ರಾ ಹೇಳ್ತೀ?"

"ಡೀಸೆಲ್‌ದಷ್ಟ ಕೊಟ್ಟೀರಿ, ಅದನ್ನ ತಿರಗಿ ಕೊಡತೇನಿ ತಗೋರಿ. ನಾ ಕಾಕತಿಯಂವ ಇದ್ದೇನ್ರಿ, ಇಂಗ್ರೇಜರಿಗೆ ಇದಿರು ನಿಂತ ರಾಣಿ ಹುಟ್ಟಿದ ಊರು. ಹೆಣ್ಣಮಕ್ಕಳು ತಿರಗಿ ನಿಂತ್ರ ಅಡ್ಡ ಹೋಗೂದು ನಮ್ಮೂರಿಗೆ ಶೋಭಾ ಅಲ್ಲ."

ಗೋಡೆಯಾಚೆ ಯಾರೋ ನಕ್ಕರು. ವಿನೀತನ ಕಿವಿ ಕೆಂಪಾದವು. ಸರಸರನೆ ಗೋಡೆಯ ಬದಿಗೆ ನಡೆದು, ಟಾಕಿಯಿಂದ ನೀರು ಬರುವ ಪೈಪಿನ ವಾಲ್ವಿನ ಮೇಲೆ ಕೈ ಇಟ್ಟ. "ನೀರಿಲ್ಲದ ಎಷ್ಟ ದಿನ ರೊಟ್ಟಿ ಬಡೀತೀರಿ ನೋಡೂಣು."

ಸಮೃದ್ಧಿ ಆಗಲೇ ಫೋನ್ ಎತ್ತಿ ಹಿಡಿದಿದ್ದಳು. "ಅಣ್ಣಾರ, ಮಾರಿ ಸ್ವಲ್ಪ ಈ ಕಡೆ ಮಾಡ್ರಿ. ಕೈ ಕಾಣತೈತಿ, ಮಾರಿ ಮ್ಯಾಲ ಬೆಳಕು ಕಡಿಮಿ ಬೀಳಾಕತ್ತೇತಿ."

"ಏ ಹುಡುಗಿ, ಬಂದ ಮಾಡದು!"

"ನೀರ ಬಂದ ಮಾಡಬ್ಯಾಡ್ರಿ, ನಾ ಇದನ್ನ ಬಂದ ಮಾಡತೇನಿ."

ಕೈ ವಾಲ್ವಿನ ಮೇಲೆಯೇ ಇತ್ತು. ತಿರುಗಲಿಲ್ಲ. ನಿಂಗವ್ವ ಒಂದು ರೊಟ್ಟಿ ಬಡಿದು ಹೆಂಚಿಗೆ ಹಾಕುವಷ್ಟು ಹೊತ್ತು ಹಾಗೆಯೇ ನಿಂತಿದ್ದು, ಅವನು ಕೈ ತೆಗೆದ. "ನಾಳಿ ಆಯೀ ಮುಂದ ಬಂದು ಮಾತಾಡ್ರಿ. ಮನಿ ಆಕೀ ಹೆಸರಿಗದ" ಎಂದು ಹೊರಟ.

"ಬರತೇವಿ" ಎಂದಳು ನಿಂಗವ್ವ. ಸತ್ಯಪ್ಪನಿಗೆ ಎರಡು ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಇಟ್ಟು ಕೊಟ್ಟಳು. ಅವನು ಕಟ್ಟೆಯ ಮೇಲೆ ಕೂತು ತಿಂದು, ಹೋಗುವಾಗ ವಾಲ್ವನ್ನು ಒಮ್ಮೆ ಪೂರ್ತಿ ಬಿಚ್ಚಿ ನೀರು ಸರಿಯಾಗಿ ಬರುತ್ತದೆಯೇ ಎಂದು ನೋಡಿ ಹೋದ.

ಮರುದಿನ ನಿಂಗವ್ವ ಮತ್ತು ನಾನು ಖಾನಾಪುರದ ರೈಲು ಹಿಡಿದೆವು. ನನ್ನ ತೊಡೆಯ ಮೇಲೆ ಅದೇ ಚೀಲ. ಅವಳ ತೊಡೆಯ ಮೇಲೆ ಸ್ಟೀಲಿನ ಡಬ್ಬಿ. "ಅದರಾಗೇನು?" ಎಂದೆ. "ಬಾಯಾರಿಗೆ ಮೆತ್ತನ ರೊಟ್ಟಿ. ಹಲ್ಲ ಹೋಗ್ಯಾವಲ್ರಿ" ಎಂದಳು. ಜಗಳಕ್ಕೆ ಹೊರಟವಳು ಎದುರಾಳಿಯ ಹಲ್ಲು ನೆನಪಿಟ್ಟಿದ್ದಳು.

ಕುಮುದಿನಿ ಜೋಕಾಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ವಿನೀತ ಬಾಗಿಲಿಗೆ ಒರಗಿದ್ದ. ನಾನು ಚೀಲವನ್ನು ಜೋಕಾಲಿಯ ಮೇಲೆ ಅವಳ ಬದಿಗಿಟ್ಟೆ.

"ನನ್ನ ಕೈಲೆ ಸುಳ್ಳ ಕಳಿಸಿದಿ, ಕುಮುದಿನಿ" ಎಂದೆ. "ಐವತ್ತು ವರ್ಷದ ಗೆಳೆತನದಾಗ ಇದೊಂದ ಬಾಕಿ ಇತ್ತು."

"ಅಗ, ಇಂವ ಹೇಳಿದ್ದ, ಆಕಿ ಒಪ್ಯಾಳಂತ..."

"ನೀ ಆಕೀನ್ನ ಕೇಳಿದ್ದೇನು?"

ಅವಳು ಮಗನ ಕಡೆ ನೋಡಿದಳು, ಆಮೇಲೆ ತನ್ನ ಮೊಣಕಾಲಿನ ಕಡೆ.

ನಿಂಗವ್ವ ನೆಲದ ಮೇಲೆ ಕೂರದೆ ಕುರ್ಚಿ ಎಳೆದುಕೊಂಡು ಕೂತದ್ದನ್ನು ಅಂದೇ ಮೊದಲು ಕಂಡೆ. "ಬಾಯಾರ, ನಾಲ್ಕ ವರ್ಷ ಆತು, ಬಾಡಿಗಿ ಏರಸಿಲ್ಲ ನೀವು. ಮನಿ ಕರಾ ಏರೇತಿ, ಎಲ್ಲಾ ಏರೇತಿ. ನನಗೂ ಕಾಣತೈತಿ. ನಾ ಏಳು ಸಾವಿರ ಕೊಡತೇನಿ. ಹದಿಮೂರು ಕೊಡೂದಿಲ್ಲ. ಕೊಡಾಕಾಗೂದಿಲ್ಲ ಅಂತಲ್ಲ, ಕೇಳಿದ ರೀತಿ ಬರೋಬ್ಬರಿ ಇಲ್ಲ. ಬರದು ಕೊಡ್ರಿ, ಸಹಿ ಮಾಡತೇನಿ. ಎರಡು ವರ್ಷದ ಮಟಾ ಏರಸಾಂಗಿಲ್ಲ. ನಿಮಗ ಮನಿ ಬೇಕಾದ್ರ ಮೂರು ತಿಂಗಳು ಮೊದಲ ಬರದು ತಿಳಸ್ರಿ, ಜಗಳಿಲ್ಲದ ಬಿಡತೇನಿ. ಇದು ಒಲ್ಲೆ ಅಂದ್ರ ನೋಟೀಸು ಕಳಸ್ರಿ, ಕೋರ್ಟಿಗೆ ಬರತೇನಿ. ರೊಟ್ಟಿ ಬಡದು ಮುಗಿಸಿ ಬರತೇನಿ, ಖರೇ ಬರತೇನಿ."

"ಆಯಿ, ಪಿಜಿ ಮಾಡಿದ್ರ ಮೂವತ್ತು ಸಾವಿರ..." ಎಂದ ವಿನೀತ.

"ನಿನಗ ಮೂವತ್ತು ಸಾವಿರದ ಮನಿ ಕಾಣತದ" ಎಂದಳು ಕುಮುದಿನಿ, ಅವನ ಕಡೆ ನೋಡದೆ. "ನನಗ ನನ್ನಪ್ಪನ ಮನಿ. ಅಲ್ಲಿ ನೀರಿನ ವಾಲ್ವಿಗೆ ಕೈ ಹಚ್ಚಿದ್ಯಂತಲ್ಲ? ಸಮೃದ್ಧಿ ಕಳಿಸಿದ ವಿಡಿಯೋ ನೋಡೇನಿ. ನನ್ನಪ್ಪ ಅದೇ ಅಂಗಳದಾಗ ದಾರಿ ಹೋಕರಿಗೆ ನೀರಿನ ಗಡಿಗಿ ಇಡ್ತಿದ್ರು." ನಿಂಗವ್ವನ ಕಡೆ ತಿರುಗಿದಳು. "ಏಳೂವರಿ ಮಾಡು."

"ಅಡಗಿ ಮನಿ ಮಾಡು ಸೋರತೈತ್ರಿ. ಹೆಂಚ ನಿಮ್ಮ ಖಾನಾಪುರದ್ದಽ ಅದಾವು, ಬದಲಿ ಮಾಡಸ್ರಿ. ಸೋರೂದು ನಿಂತ್ರ ಏಳೂವರಿ. ಸೋರೂ ಮಟಾ ಏಳು."

ಕುಮುದಿನಿ ನಕ್ಕಳು. ಬೇಕಂತಲೇ ನಕ್ಕದ್ದಲ್ಲ, ತಡೆಯಲಾರದೆ ಬಂದದ್ದು. "ಕಾಗದಾ ತಾ" ಎಂದಳು ಮಗನಿಗೆ. ಕಾಲೇಜಿನಲ್ಲಿ ನಮಗೆಲ್ಲ ಟಿಪ್ಪಣಿ ಬರೆದುಕೊಡುತ್ತಿದ್ದ ಅದೇ ದುಂಡನೆಯ ಅಕ್ಷರದಲ್ಲಿ ತಾನೇ ಬರೆದಳು. ಒಂದು ಸಾಲೂ ಬಾಗಲಿಲ್ಲ. ಮುಂದೆ ವಕೀಲರ ಹತ್ತಿರ ಛಾಪಾ ಕಾಗದದ ಮೇಲೆ ಮಾಡಿಸುವುದೆಂದೂ ಅದರಲ್ಲೇ ಸೇರಿಸಿದಳು. ನಿಂಗವ್ವ ಪ್ರತಿ ಸಾಲನ್ನೂ ಬೆರಳಿಟ್ಟು ಓದಿ, ಎರಡು ವರ್ಷ ಎಂಬುದನ್ನು ಮತ್ತೊಮ್ಮೆ ಓದಿ, ಸಹಿ ಮಾಡಿದಳು. ಸಾಕ್ಷಿಯಾಗಿ ನಾನು ಸಹಿ ಹಾಕಿದೆ. ಈ ಸಲ ನನ್ನ ಮಾತು ನಿಜವಾಗಿಯೂ ಕಾಗದದ ಮೇಲಿತ್ತು.

ಹೊರಡುವಾಗ ಕುಮುದಿನಿ ಜೋಕಾಲಿ ಹಿಡಿದು ಎದ್ದು ನಿಂತಳು. ಚೀಲದಿಂದ ಹಸಿರು ಸೀರೆ ತೆಗೆದಳು. "ನಿಂಗವ್ವಾ, ತಪ್ಪಾತು. ಹನ್ನೆರಡು ವರ್ಷದ್ದೂ ಸೇರಿಸಿ. ಬಾ, ಸೆರಗ ಒಡ್ಡು. ಹೋಗೂ ಸಲುವಾಗಿ ಅಲ್ಲ, ಇರೂ ಸಲುವಾಗಿ ತುಂಬತೇನಿ."

ಅವಳ ಕಣ್ಣು ತುಂಬಿದ್ದವು. ಎಲ್ಲ ಸರಿಹೋಯಿತು ಎಂದುಕೊಂಡೆ. ನಿಂಗವ್ವ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು.

"ಇವತ್ತ ಬ್ಯಾಡ್ರಿ ಬಾಯಾರ. ಇವತ್ತ ತಗೊಂಡ್ರ ರಾಜಿ ಆಗೂ ಸಲುವಾಗಿ ತಗೊಂಡಂಗ ಆಕ್ಕೈತಿ. ಶ್ರಾವಣಕ್ಕ ಬರ್ರಿ. ಐದು ಮಂದಿ ಕುಂತಿರತಾರಲ್ಲ, ಅವರ ಸಾಲಿನ್ಯಾಗ ಕುಂಡ್ರಿಸಿ, ಎಲ್ಲಾರ ಮುಂದ ತುಂಬ್ರಿ. ಆಗ ತಗೋತೇನಿ."

ಕುಮುದಿನಿ ಸೀರೆಯನ್ನು ಮಡಿಸಿ ಮತ್ತೆ ಚೀಲದಲ್ಲಿಟ್ಟಳು. ಆಮೇಲೆ ಮೆಲ್ಲನೆ ತಲೆಯಾಡಿಸಿದಳು. ರೊಟ್ಟಿ ತೆಗೆದಿಟ್ಟುಕೊಂಡ ಡಬ್ಬಿಯನ್ನು ಖಾಲಿ ಕೊಡಬಾರದೆಂದು ಒಳಗೆ ಹೋಗಿ, ಅದರ ತುಂಬ ಅವಲಕ್ಕಿ ಹಾಕಿಕೊಂಡು ಬಂದಳು. ನಿಂಗವ್ವ ಅದನ್ನು ಎರಡೂ ಕೈಯಿಂದ ತೆಗೆದುಕೊಂಡಳು.

ಬಾಗಿಲಲ್ಲಿದ್ದ ವಿನೀತ ದಾರಿ ಬಿಡುತ್ತಾ, "ಎರಡು ವರ್ಷ ಆಗ್ಲಿ ನಿಂಗವ್ವಾ, ಆಮ್ಯಾಲ ನೋಡೂಣು" ಎಂದ.

"ಬರ್ರಿ ಸಾಹೇಬ್ರ" ಎಂದಳು ನಿಂಗವ್ವ, ಚಪ್ಪಲಿ ಮೆಟ್ಟುತ್ತಾ. "ಟೆಂಪೊ ತರಬ್ಯಾಡ್ರಿ, ಕಾಗದಾ ತರ್ರಿ. ರೊಟ್ಟಿ ತಿಂದ ಹೋಗೂವಂತ್ರಿ."